ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಮ್ಮ ಅಂದಿದ್ದೆ

ಸಂಪಾದಕರಿಗೆ ನಮಸ್ಕಾರ.

ಹಾಸನಾಂಬೆ ಬಾಗಿಲು ಹಾಕಿದ್ರೆ ನಮ್ಮೂರಲ್ಲಿ ಚಳಿ ಶುರು ಅಂತ ಲೆಕ್ಕ. ಚಳಿ ಶುರುವಾದ್ರೆ ಪೇಪರಿನ ಒಳಪುಟದಲ್ಲಿ ಒಂದು ಸಣ್ಣ ಸುದ್ದಿನೂ ಶುರುವಾಗುತ್ತೆ, ನಾಲ್ಕೈದು ಸಾಲು ಅಷ್ಟೇ, ಬಚ್ಚಲು ಮನೇಲಿ ಹೀಟರ್ ಶಾಕ್ ಹೊಡೆದು ಇಂಥವರು ತೀರ್ಕೊಂಡ್ರು ಅಂತ, ಕೊನೇಲಿ ಗೀಸರ್ ಆಫ್ ಮಾಡದೇ ಸ್ನಾನಕ್ಕೆ ಇಳಿದಿದ್ದೇ ಕಾರಣ ಅಂತ ಒಂದು ಸಾಲು. ಯಾವ ಪೇಪರ್ ತೆಗೆದ್ರೂ ಹೀಗೇ ಇರುತ್ತೆ, ನಿಮ್ಮದೊಂದೇ ಅಂತ ಅಲ್ಲ. ನಾನು ಈ ಕಾಗದ ಬರೀತಿರೋದು ಆ ಕೊನೇ ಸಾಲಿನ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸಬೇಕು ಅಂದ್ರೆ ನನ್ನ ಕಥೆ ಕತ್ತರಿಸಿ, ಆರ್‌ಸಿಸಿಬಿ ಅನ್ನೋ, ಕರೆಂಟು ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಬ್ರೇಕರಿನ ವಿಷಯ ಮಾತ್ರ ಕತ್ತರಿಸಬೇಡಿ.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಿಜ್ಞಾನ. 31 ವರ್ಷ ಓಮ್‌ನ ನಿಯಮ ಬೋರ್ಡ್ ಮೇಲೆ ಬರೆದು ಅಳಿಸಿದವನು. ವಿದ್ಯಾನಗರದಲ್ಲಿ 1998ರಲ್ಲಿ ಕಟ್ಟಿಸಿದ ಮನೆ, ಕೆಳಗೆ ನಾನೂ ನಮ್ಮ ಮನೆಯಾಕೆನೂ ಇದೀವಿ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದೀವಿ. ಹೋದ ವರ್ಷ ಡಿಸೆಂಬರಲ್ಲಿ ಮೇಲಿನ ಮನೆ ಹುಡುಗಿ ಕೆಳಗೆ ಬಂದು ಹೇಳಿದ್ಲು, ಅಂಕಲ್, ಬೆಳಿಗ್ಗೆ ಸ್ನಾನ ಮಾಡೋವಾಗ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ, ಒಂದ್ಸಲ ನೋಡ್ಸಿ ಅಂತ. ಗೀಸರ್ ಆಫ್ ಮಾಡ್ಕೊಂಡು ತಾನೇ ಸ್ನಾನ ಮಾಡ್ತೀಯಾ ಅಂತ ಕೇಳ್ದೆ. ಹೂಂ ಅಂಕಲ್, ಆಫ್ ಮಾಡಿದ್ರೂ ಅನ್ನುತ್ತೆ ಅಂದ್ಲು. ಸ್ವಿಚ್ ಆಫ್ ಆದ್ಮೇಲೆ ಕರೆಂಟು ಎಲ್ಲಿಂದ ಬರುತ್ತೆ, ಚಳಿಗೆ ಕೈ ಜೋಮು ಹಿಡಿದಿರಬೇಕು ಅಂದ್ಕೊಂಡೆ, ಆದ್ರೂ ಓನರ್ ಅನ್ನಿಸ್ಕೊಂಡ ಮೇಲೆ ಏನಾದ್ರೂ ಹೇಳ್ಬೇಕಲ್ಲ, ಅದಕ್ಕೆ ಒಂದು ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಮ್ಮ ಅಂದೆ.

ಇಲ್ಲಿ ಇನ್ನೊಂದು ವಿಷಯ ಒಪ್ಕೋಬೇಕು. ಅದಕ್ಕೂ ಒಂದು ತಿಂಗಳು ಮುಂಚೆಯಿಂದ ನಮ್ಮ ಮನೆಯಾಕೆನೂ, ರೀ, ಬೆಳಿಗ್ಗೆ ಹೊತ್ತು ಫ್ರಿಡ್ಜ್ ಬಾಗಿಲು ಮುಟ್ಟಿದ್ರೆ ಏನೋ ಕಚ್ಚಿದ ಹಾಗಾಗುತ್ತೆ ಕಣ್ರೀ ಅಂತಿದ್ಲು. ಅವಳಿಗೂ ಅದೇ ಚಪ್ಪಲಿ ಉಪದೇಶವೇ ಕೊಟ್ಟಿದ್ದೆ, ಫ್ರಿಡ್ಜ್ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ತಂದಿಟ್ಟು ಸಮಸ್ಯೆ ಮುಗೀತು ಅಂತ ಕೂತಿದ್ದೆ. ಎರಡು ಮನೇಲಿ ಇಬ್ಬರು ಹೆಂಗಸ್ರು ಒಂದೇ ಮಾತು ಹೇಳ್ತಿದಾರೆ, ಎರಡಕ್ಕೂ ಸಂಬಂಧ ಇರಬಹುದು ಅಂತ ವಿಜ್ಞಾನದ ಮೇಷ್ಟ್ರ ತಲೆಗೆ ಹೊಳೀಲಿಲ್ಲ.

ಹುಡುಗಿ ಎರಡನೇ ಸಲ ಬಂದು ಹೇಳಿದ್ಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಕರೆಸ್ದೆ. ಅವನು ಬಂದಿದ್ದು ಬೆಳಿಗ್ಗೆ 11 ಗಂಟೆಗೆ. ನಲ್ಲಿಗೆ ಟೆಸ್ಟರ್ ಇಟ್ಟ, ಉರೀಲಿಲ್ಲ, ಗೀಸರ್ ಹಾಕಿ ನೋಡ್ದ, ಉರೀಲಿಲ್ಲ, ಏನೂ ಇಲ್ಲ ಸಾರ್ ಅಂತ 200 ರೂಪಾಯಿ ಇಸ್ಕೊಂಡು ಹೋದ. ನನಗೆ ಒಳಗೊಳಗೇ ಖುಷಿ, ನಾನು ಹೇಳಿದ್ದೇ ಸರಿ ಅಂತ.

ಆಮೇಲೆ ಬಂದವನು ನನ್ನ ಹಳೇ ಸ್ಟೂಡೆಂಟು, ಈಗ ಲೈಸೆನ್ಸ್ ತಗೊಂಡು ವೈರಿಂಗ್ ಕಂಟ್ರಾಕ್ಟ್ ಮಾಡ್ತಾನೆ, ಓದಿನಲ್ಲಿ ಅಷ್ಟಕ್ಕಷ್ಟೇ ಇದ್ದ ಹುಡುಗ. ಅವನು ಮೊದಲು ಕೇಳಿದ್ದೇ, ಮೇಷ್ಟ್ರೆ, ಜುಮ್ ಅನ್ನೋದು ಎಷ್ಟು ಗಂಟೆಗೆ ಅಂತ. ಆರೂವರೆಯಿಂದ ಏಳೂವರೆ ಒಳಗೆ ಅಂದ್ಲು ಹುಡುಗಿ. ಹಂಗಾದ್ರೆ ನಾಳೆ ಆರೂವರೆಗೇ ಬರ್ತೀನಿ ಬಿಡಿ ಅಂದ. ಬಂದ. ಮೇಲಿನ ಬಚ್ಚಲಲ್ಲಿ ನಲ್ಲಿಗೆ ಟೆಸ್ಟರ್ ಇಟ್ರೆ ಸಣ್ಣಗೆ ಕೆಂಪು ಉರೀತಾ ಇದೆ. ಗೀಸರ್ ಸ್ವಿಚ್ ಆಫ್ ಇದೆ, ಆದ್ರೂ ಉರೀತಾ ಇದೆ. ಆಮೇಲೆ ಅವನು ಪ್ಲಗ್ಗೇ ಕಿತ್ತು ಹೊರಗೆ ಹಾಕ್ದ, ಟೆಸ್ಟರ್ ಆರಿಹೋಯ್ತು. ಮತ್ತೆ ಸಿಕ್ಕಿಸ್ದ, ಸ್ವಿಚ್ ಆಫಲ್ಲೇ ಇದೆ, ಟೆಸ್ಟರ್ ಹತ್ತಿಕೊಳ್ತು. ನನ್ನ ಮುಖ ನೋಡಿ ನಕ್ಕ, ಮೇಷ್ಟ್ರೆ, ಸ್ವಿಚ್ಚು ಕಟ್ ಮಾಡೋದು ಕರೆಂಟು ತರೋ ಫೇಸ್ ವೈರ್ ಒಂದನ್ನೇ, ಈ ದಪ್ಪ ಪಿನ್ನು ಯಾವತ್ತೂ ಕಟ್ ಆಗಲ್ಲ ನೋಡಿ, ಕರೆಂಟು ಬರ್ತಿರೋದು ಅರ್ತಿಂಗ್ ಪಿನ್ನಿಂದ ಅಂದ.

ಮೂರು ಪಿನ್ನಿನ ಪ್ಲಗ್ಗಲ್ಲಿ ಮೇಲಿನ ಪಿನ್ನು ಉದ್ದ, ದಪ್ಪ ಇರುತ್ತಲ್ಲ, ಅದು ಸುಮ್ಮನೆ ಹಾಗೆ ಮಾಡಿದ್ದಲ್ಲ. ಪ್ಲಗ್ ಹಾಕೋವಾಗ ಅರ್ತಿಂಗ್ ಮೊದಲು ಸೇರ್ಬೇಕು, ತೆಗೆಯೋವಾಗ ಕೊನೇಗೆ ಬಿಡ್ಬೇಕು ಅಂತ. ಕಾಯೋಕೆ ಅಂತ ಇಟ್ಟಿರೋ ಪಿನ್ನೇ ನಮ್ಮನೇಲಿ ಕರೆಂಟು ತಂದು ನಲ್ಲಿಗೆ ಬಿಡ್ತಿತ್ತು. ಎಲ್ಲಿಂದ ತರ್ತಿತ್ತು ಅಂತ ಹುಡುಕ್ತಾ ಅವನು ಕೆಳಗೆ ಬಂದು ನಮ್ಮನೇದು ಒಂದೊಂದೇ ಆಫ್ ಮಾಡ್ತಾ ಬಂದ, ನಮ್ಮ ಬಚ್ಚಲಿನ ಗೀಸರ್ ಆಫ್ ಮಾಡಿದ ತಕ್ಷಣ ಮೇಲಿಂದ ಹುಡುಗಿ ಕೂಗಿದ್ಲು, ಆರಿಹೋಯ್ತು ಅಂತ.

ಅಂದ್ರೆ ಕೆಟ್ಟಿದ್ದು ನನ್ನ ಗೀಸರ್ರು. ನಾನು ದಿನಾ ಆರೂವರೆಗೆ ಅದನ್ನ ಹಾಕೋದು, ಅದೇ ಹೊತ್ತಿಗೆ ಆ ಹುಡುಗಿ ಮೇಲೆ ಸ್ನಾನ ಮಾಡೋದು. ನಮ್ಮ ಬಚ್ಚಲಲ್ಲಿ ಪೈಪು, ನಲ್ಲಿ, ಬಕೆಟ್ಟು, ಮಗ್ಗು ಎಲ್ಲಾ ಪ್ಲಾಸ್ಟಿಕ್ಕು, ಹಾಗಾಗಿ ನನಗೆ ಏನೂ ಗೊತ್ತಾಗ್ತಿರಲಿಲ್ಲ. ಮೇಲಿನ ಮನೇಗೆ ಚೆನ್ನಾಗಿರ್ಲಿ ಅಂತ ಹೊಳೆಯೋ ಸ್ಟೀಲ್ ನಲ್ಲಿ ಹಾಕಿಸಿದ್ದೆ.

ಆದ್ರೆ ಗೀಸರ್ ಒಳಗೆ ಕರೆಂಟು ಲೀಕ್ ಆದ್ರೆ ಅದು ಅರ್ತಿಂಗ್ ವೈರಲ್ಲಿ ಹೋಗಿ ಭೂಮಿ ಸೇರ್ಬೇಕು ತಾನೇ, ಮೇಲಿನ ಮನೇಗೆ ಯಾಕೆ ಹತ್ತಿತು? ಯಾಕಂದ್ರೆ ಭೂಮಿ ಸೇರೋ ದಾರಿನೇ ಇರಲಿಲ್ಲ. ಮನೆ ಕಟ್ಟಿಸಿದಾಗ ಕಾಂಪೌಂಡ್ ಮೂಲೇಲಿ ಗುಂಡಿ ತೆಗೆದು ಇದ್ದಿಲು ಉಪ್ಪು ತುಂಬಿ ಪೈಪ್ ಇಳಿಸಿ ಅರ್ತಿಂಗ್ ಮಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ, ಹೆಂಡತಿ ದಿನಾ ತುಳಸಿಗೆ ಹಾಕಿ ಉಳಿದ ನೀರನ್ನ ಆ ಗುಂಡಿಗೂ ಒಂದು ಚೊಂಬು ಹಾಕ್ತಿದ್ಲು. 2016ರಲ್ಲಿ ಕಾರು ತಗೊಂಡ್ವಿ, ಕಾರಿಗೆ ಜಾಗ ಬೇಕಲ್ಲ, ಅಲ್ಲೆಲ್ಲಾ ಕಾಂಕ್ರೀಟ್ ಹಾಕಿ ಟೈಲ್ಸ್ ಹಾಕಿಸಿದ್ವಿ. ಗಾರೆ ಕೆಲಸದವರು ಅಡ್ಡ ಬಂದ ಒಂದು ಜಿಐ ವೈರು, ಅಂದ್ರೆ ಗುಂಡಿಗೆ ಹೋಗೋ ಅರ್ತಿಂಗ್ ತಂತಿ, ಕತ್ತರಿಸಿ ಬಿಸಾಕಿದಾರೆ, ಅವರಿಗೇನು ಗೊತ್ತು, ನಾನೇ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಅವತ್ತಿಂದ ನಮ್ಮನೇಲಿ ಅರ್ತಿಂಗಿನ ಹಸಿರು ವೈರು ಎಲ್ಲಾ ಪಾಯಿಂಟಿಗೂ ಇದೆ, ಎರಡೂ ಮನೇದು ಒಂದಕ್ಕೊಂದು ಸೇರಿದೆ, ಭೂಮಿಗೆ ಮಾತ್ರ ಸೇರಿಲ್ಲ. ಒಂದು ಕಡೆ ಲೀಕ್ ಆದ್ರೆ ಫ್ರಿಡ್ಜು, ವಾಷಿಂಗ್ ಮೆಷಿನ್ನು, ಮೇಲಿನ ಮನೆ ಗೀಸರ್ರು, ಅದರ ನಲ್ಲಿ, ಎಲ್ಲಾ ಕಡೆಗೂ ಹಂಚೋ ವ್ಯವಸ್ಥೆ. ಅರ್ತಿಂಗೇ ಇಲ್ಲದ ಮನೆಗಿಂತ ಅರ್ಧಕ್ಕೆ ಕಿತ್ತುಹೋದ ಅರ್ತಿಂಗ್ ಇರೋ ಮನೆ ಡೇಂಜರ್ ಅಂತ ಅವತ್ತು ಅರ್ಥ ಆಯ್ತು.

ಗೀಸರ್ ಬಿಚ್ಚಿದಾಗ ಒಳಗಿಂದ ಎರಡು ಬೊಗಸೆ ಬಿಳೀ ಚಕ್ಕೆ ಬಂತು. ನಮ್ಮ ಕಡೆ ಹೇಮಾವತಿ ನೀರು ಬಂದ ದಿನ ಬಂತು, ಇಲ್ಲದ ದಿನ ಬೋರ್ ನೀರೇ ಗತಿ, ಬೋರ್ ನೀರಿನ ಸುಣ್ಣ ಕಾಯಿಲ್ ಮೇಲೆ ಪದರ ಪದರವಾಗಿ ಕೂತ್ಕೊಳ್ಳುತ್ತೆ. ಹಂಡೆ ಒಲೆ ಇದ್ದ ಕಾಲದಲ್ಲೂ ಹಂಡೆ ಒಳಗೆ ಇದೇ ಸುಣ್ಣ ಕಟ್ತಿತ್ತು, ಹುಣಸೆ ಹಣ್ಣು ಹಾಕಿ ಉಜ್ಜಿದ್ರೆ ಹೋಗ್ತಿತ್ತು, ಹಂಡೆ ಯಾರಿಗೂ ಶಾಕ್ ಹೊಡೀತಿರಲಿಲ್ಲ. ಗೀಸರ್ ಕಾಯಿಲ್ ಅಂದ್ರೆ ಒಳಗೆ ನೈಕ್ರೋಮ್ ತಂತಿ, ಅದರ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಅನ್ನೋ ಪುಡಿ ಒತ್ತಿ ತುಂಬಿರ್ತಾರೆ, ಮೇಲೆ ತಾಮ್ರದ್ದೋ ಬೇರೆ ಲೋಹದ್ದೋ ಕೊಳವೆ. ಸುಣ್ಣ ದಪ್ಪ ಆದಷ್ಟೂ ಶಾಖ ನೀರಿಗೆ ಹೋಗದೇ ಕೊಳವೆನೇ ಕಾದು ಕಾದು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತೆ. ಬಿರುಕಿಂದ ಪುಡಿಗೆ ನೀರು ಇಳಿದ್ರೆ ಕರೆಂಟು ನೀರಿಗೂ ಟ್ಯಾಂಕಿಗೂ ಸೋರುತ್ತೆ. ನೀರು ಮಾತ್ರ ಬಿಸಿ ಆಗ್ತಾನೇ ಇರುತ್ತೆ, ದೀಪ ಉರೀತಾನೇ ಇರುತ್ತೆ, ಹಾಗಾಗಿ ಕೆಟ್ಟಿದೆ ಅಂತ ಯಾರಿಗೂ ಅನ್ಸಲ್ಲ.

ಈಗ ಎಲ್ಲರೂ ಕೇಳೋ ಪ್ರಶ್ನೆ, ನಾನೂ ಕೇಳ್ದೆ. ಜಾಸ್ತಿ ಕರೆಂಟು ಹರಿದ್ರೆ ತಾನೇ ಬೀಳೋ ಎಂಸಿಬಿ ಸ್ವಿಚ್ ಇತ್ತಲ್ಲಪ್ಪ, ಅದ್ಯಾಕೆ ಬೀಳ್ಲಿಲ್ಲ ಅಂತ. ಅದಕ್ಕೆ ಆ ಹುಡುಗ ಹೇಳಿದ ಲೆಕ್ಕ ನಾನು ಕ್ಲಾಸಲ್ಲಿ ಹೇಳ್ಕೊಡಬೇಕಿತ್ತು. 2000 ವ್ಯಾಟ್ ಗೀಸರ್ 230 ವೋಲ್ಟಲ್ಲಿ ಎಳೆಯೋದು ಸುಮಾರು 8.7 ಆಂಪಿಯರ್. ಅದಕ್ಕೆ ಹಾಕಿರೋ ಎಂಸಿಬಿ 16 ಆಂಪಿಯರ್‌ದು. ಅದು ಇರೋದು ವೈರು ಸುಟ್ಟುಹೋಗದಂತೆ ಕಾಯೋಕೆ, ನಿಮ್ಮನ್ನಲ್ಲ. ಒದ್ದೆ ಮೈ ಇದ್ದಾಗ ನಮ್ಮ ದೇಹದ ರೆಸಿಸ್ಟೆನ್ಸ್ ಸಾವಿರ ಓಮ್ ಆಸುಪಾಸಿಗೆ ಇಳಿದುಬಿಡುತ್ತೆ, 230 ಭಾಗಿಸು 1000, ಅಂದ್ರೆ 0.23 ಆಂಪಿಯರ್, 230 ಮಿಲಿಆಂಪಿಯರ್. 10 ಮಿಲಿಆಂಪಿಯರ್ ದಾಟಿದ್ರೇನೇ ಕೈ ಹಿಡ್ಕೊಂಡಿದ್ದನ್ನ ಬಿಡೋಕೆ ಆಗಲ್ಲ, 30 ದಾಟಿದ್ರೆ ಉಸಿರಿಗೆ ಕಷ್ಟ, ಅದಕ್ಕೂ ಮೇಲೆ ಹೋದ್ರೆ ಹೃದಯ ಲಯ ತಪ್ಪುತ್ತೆ. 230 ಮಿಲಿಆಂಪಿಯರ್ ಒಬ್ಬ ಮನುಷ್ಯನ ಮೈಯಲ್ಲಿ ಹರೀತಾ ಇದ್ರೂ 16 ಆಂಪಿಯರ್ ಎಂಸಿಬಿಗೆ ಅದು ಇನ್ನೊಂದು ದೊಡ್ಡ ಬಲ್ಬ್ ಹಾಕಿದ ಹಾಗೆ ಅಷ್ಟೇ.

ಸರಿ, ಅರ್ತಿಂಗ್ ಸರಿ ಇದ್ರೆ ಎಂಸಿಬಿ ಬೀಳುತ್ತಲ್ಲ ಅಂದೆ. ಅಲ್ಲೂ ಗ್ಯಾರಂಟಿ ಇಲ್ಲ ಮೇಷ್ಟ್ರೆ ಅಂದ. ನಮ್ಮ ಕಡೆ ಬೇಸಿಗೇಲಿ ಗುಂಡಿ ಒಣಗಿ ಅರ್ತಿಂಗ್ ರೆಸಿಸ್ಟೆನ್ಸ್ 20 ಓಮ್ ಆಗಿದೆ ಅಂತ ಇಟ್ಕೊಳ್ಳಿ, ಅರಸೀಕೆರೆ ಕಡೆ ಒಣ ನೆಲದಲ್ಲಿ ಅದಕ್ಕಿಂತ ಜಾಸ್ತಿನೂ ಆಗುತ್ತೆ. ಫೇಸ್ ಸೀದಾ ಟ್ಯಾಂಕಿಗೇ ತಗುಲಿದ್ರೂ ಹರಿಯೋದು 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. 16ರ ಎಂಸಿಬಿ ಅದನ್ನ ಇನ್ನೊಂದು ಗೀಸರ್ ಅಂದ್ಕೊಂಡು ಸುಮ್ನಿರುತ್ತೆ. ನಿಮ್ಮ ನಲ್ಲಿ ಮಾತ್ರ ಹೆಚ್ಚುಕಮ್ಮಿ ಪೂರ್ತಿ ವೋಲ್ಟೇಜಲ್ಲಿ ನಿಂತಿರುತ್ತೆ.

ಇದಕ್ಕೆ ಇರೋದೇ ಆರ್‌ಸಿಸಿಬಿ, ಹಳಬರು ಇಎಲ್‌ಸಿಬಿ ಅಂತಾನೇ ಕರೀತಾರೆ. ಅದು ಮಾಡೋದು ಅಂಗಡಿ ಲೆಕ್ಕದ ಕೆಲಸ. ಫೇಸಲ್ಲಿ ಎಷ್ಟು ಹೋಯ್ತು, ನ್ಯೂಟ್ರಲ್ಲಲ್ಲಿ ಎಷ್ಟು ವಾಪಸ್ ಬಂತು ಅಂತ ನೋಡ್ತಾ ಇರುತ್ತೆ, ಎರಡರಲ್ಲಿ 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ ಯಾರ ಮೈಯಿಂದಲೋ ಗೋಡೆಯಿಂದಲೋ ಸೋರ್ತಿದೆ ಅಂತ ಅರ್ಥ, 0.3 ಸೆಕೆಂಡ್ ಒಳಗೆ ಲೈನ್ ಕಟ್ ಮಾಡ್ಬೇಕು, ಸೋರಿಕೆ ಅದರ 5 ಪಟ್ಟು ಇದ್ರೆ 0.04 ಸೆಕೆಂಡ್ ಒಳಗೆ. ಶಾಕ್ ಹೊಡೆದಿದ್ದು ಗೊತ್ತಾಗುತ್ತೆ, ಕಿರುಚ್ತೀವಿ, ಆದ್ರೆ ಬದುಕಿರ್ತೀವಿ. ಒಂದು ಕೈಲಿ ಫೇಸು ಇನ್ನೊಂದು ಕೈಲಿ ನ್ಯೂಟ್ರಲ್ಲು ಹಿಡ್ಕೊಂಡ್ರೆ ಮಾತ್ರ ಅದೂ ಕಾಪಾಡಲ್ಲ, ಲೆಕ್ಕ ಸರಿಯಾಗೇ ಇದೆಯಲ್ಲ. ನನಗೆ ಒಂದೊಂದು ಮನೇದಕ್ಕೆ 2,300 ರೂಪಾಯಿ ಬಿತ್ತು. ಆ ಕಾರ್ ಪಾರ್ಕಿಂಗ್ ಟೈಲ್ಸಿಗೆ ಎಷ್ಟು ಖರ್ಚು ಮಾಡಿದ್ದೆ ಅಂತ ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ.

ಆರ್‌ಸಿಸಿಬಿ ಹಾಕಿಸಿದ್ಮೇಲೆ ಕಥೆ ಮುಗೀತಾ ಅಂದ್ರೆ ಇಲ್ಲ, ಇದನ್ನ ಓನರ್‌ಗಳು ಗಮನಿಸಿ ಓದ್ಬೇಕು. ಹಾಕಿದ ಮೊದಲ ದಿನವೇ ಸಾಯಂಕಾಲ ಬಿತ್ತು. ಎತ್ತಿದ್ರೆ ಮತ್ತೆ ಬಿತ್ತು. ಪಕ್ಕದ ಮನೆಯವರು ಬಂದು, ನಮ್ಮನೇಲೂ ಹಿಂಗೇ ಬೀಳ್ತಿತ್ತು ಮೇಷ್ಟ್ರೆ, ತಲೆನೋವು ಅಂತ ತೆಗೆಸಿ ಸೀದಾ ಕೊಡ್ಸಿದೀವಿ, ಈಗ ಆರಾಮಾಗಿದೀವಿ ಅಂದ್ರು. ನನ್ನ ಸ್ಟೂಡೆಂಟು ತೆಗೆಯೋಕೆ ಒಪ್ಪಲಿಲ್ಲ, ಎರಡು ದಿನ ಹುಡುಕ್ದ. ಮೆಟ್ಟಿಲ ಲೈಟಿಗೆ ಫೇಸ್ ಮೇಲಿನ ಮನೇದು, ನ್ಯೂಟ್ರಲ್ ಕೆಳಗಿನ ಮನೇದು, ಯಾವ ಕಾಲದಲ್ಲೋ ಯಾರೋ ಹತ್ತಿರ ಆಗುತ್ತೆ ಅಂತ ಕೊಟ್ಟಿದ್ದು. ಹೋಗಿದ್ದು ಒಂದು ಕಡೆ, ಬಂದಿದ್ದು ಇನ್ನೊಂದು ಕಡೆ, ಲೆಕ್ಕ ತಪ್ಪಿದ್ರೆ ಬೀಳದೇ ಇನ್ನೇನು ಮಾಡುತ್ತೆ. ಯುಪಿಎಸ್ ನ್ಯೂಟ್ರಲ್ ಬೆರೆತಿರೋ ಮನೇಲೂ ಇದೇ ಆಗುತ್ತಂತೆ. ಅದು ಬೀಳ್ತಿದೆ ಅಂದ್ರೆ ವೈರಿಂಗ್ ಎಲ್ಲೋ ತಪ್ಪಿದೆ ಅಂತ ಹೇಳ್ತಿದೆ, ನಾವು ಹೇಳೋರನ್ನೇ ಮನೆಯಿಂದ ಆಚೆ ಹಾಕ್ತೀವಿ.

ಇನ್ನು ಆ ಆಫ್ ಮಾಡಿ ಸ್ನಾನ ಮಾಡಿ ಅನ್ನೋ ಉಪದೇಶ. ಮಾಡ್ಬೇಕು, ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮ ಬಾಡಿಗೆ ಹುಡುಗಿ ಆಫ್ ಮಾಡೇ ಸ್ನಾನ ಮಾಡ್ತಿದ್ಲು, ದಿನಾ. ಅವಳಿಗೆ ಏನಾದ್ರೂ ಆಗಿದ್ರೆ ನಾನೇ ಪೊಲೀಸ್ರ ಮುಂದೆ ಗೀಸರ್ ಆಫ್ ಮಾಡಿಲ್ಲ ಅನ್ಸುತ್ತೆ ಸಾರ್ ಅಂತ ಹೇಳ್ತಿದ್ದೆನೋ ಏನೋ, ಅದೇ ಸಾಲು ಪೇಪರಲ್ಲಿ ಬರ್ತಿತ್ತು. ಇನ್ನೂ ಒಂದಿದೆ. ಎಷ್ಟೋ ಮನೇಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿರುತ್ತೆ, ಅಲ್ಲಿ ಸ್ವಿಚ್ ಆಫ್ ಮಾಡಿದ್ರೆ ಕಟ್ ಆಗೋದು ನ್ಯೂಟ್ರಲ್ಲು, ಕೆಂಪು ದೀಪ ಆರುತ್ತೆ, ನೀರು ಕಾಯೋದು ನಿಲ್ಲುತ್ತೆ, ಕಾಯಿಲ್ ತುಂಬಾ ಫೇಸ್ ಹಾಗೇ ಕೂತಿರುತ್ತೆ. ಅದಕ್ಕೇ ಗೀಸರಿಗೆ ಎರಡೂ ವೈರು ಒಟ್ಟಿಗೆ ಕಟ್ ಮಾಡೋ ಡಿಪಿ ಸ್ವಿಚ್ ಹಾಕಿ ಅಂತ ಹೇಳೋದು. ಇನ್ನು ಕೆಲವು ಹಳೇ ವೈರಿಂಗಲ್ಲಿ ಅರ್ತಿಂಗ್ ವೈರ್ ಎಳೆಯೋಕೆ ಸೋಮಾರಿತನಕ್ಕೆ ಸಾಕೆಟ್ ಹಿಂದೆಯೇ ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಒಂದು ತುಂಡು ವೈರಲ್ಲಿ ಗಂಟು ಹಾಕಿರ್ತಾರೆ, ಕಂಬದಿಂದ ಬರೋ ನ್ಯೂಟ್ರಲ್ ಒಂದು ದಿನ ಗಾಳಿಗೆ ಕಿತ್ತುಹೋದ್ರೆ ಮನೆಯ ಅಷ್ಟೂ ಲೋಹದ ಸಾಮಾನಿಗೆ ಕರೆಂಟು. ಮಳೆಗಾಲದಲ್ಲಿ ಸಕಲೇಶಪುರ ಮೂಡಿಗೆರೆ ಕಡೆ ಮರ ಬಿದ್ದು ಲೈನ್ ಹರಿಯೋದು ಎಷ್ಟು ಸಲ ಅಂತ ನಿಮಗೇ ಗೊತ್ತು.

ರಾಡ್ ಹೀಟರ್ ವಿಷಯ ಬೇರೆನೇ. ಸಾಲಗಾಮೆ ರಸ್ತೆ ಕಡೆ ಬಾಡಿಗೆ ರೂಮುಗಳಲ್ಲಿ ಓದೋ ಹುಡುಗ್ರು ಹೇಗೆ ನೀರು ಕಾಯಿಸ್ತಾರೆ ಅಂತ ಒಂದ್ಸಲ ಹೋಗಿ ನೋಡಿ. ಓನರ್ ಗೋಡೆ ಮೇಲೆ ಹೀಟರ್ ಬಳಸುವಂತಿಲ್ಲ ಅಂತ ಚೀಟಿ ಅಂಟಿಸಿರ್ತಾನೆ, ಹುಡುಗ್ರು ಮಂಚದ ಕೆಳಗೆ ರಾಡ್ ಬಚ್ಚಿಟ್ಟಿರ್ತಾರೆ, ಮೊಬೈಲ್ ಚಾರ್ಜ್ ಹಾಕೋ ಎಕ್ಸ್‌ಟೆನ್ಷನ್ ಬಾಕ್ಸಿಗೇ 1500 ವ್ಯಾಟ್ ರಾಡ್ ಸಿಕ್ಕಿಸಿರ್ತಾರೆ, ಅಂದ್ರೆ ಆರೂವರೆ ಆಂಪಿಯರ್, 6 ಆಂಪಿಯರ್ ಪಾಯಿಂಟಲ್ಲಿ. ಪ್ಲಗ್ ಕಂದುಬಣ್ಣಕ್ಕೆ ತಿರುಗಿ ವಾಸನೆ ಬರೋವರೆಗೂ ಯಾರೂ ನೋಡಲ್ಲ. ಡಿಸೆಂಬರ್ ಚಳೀಲಿ ಬಿಸಿನೀರು ಕೊಡದೇ ಚೀಟಿ ಅಂಟಿಸಿದ್ರೆ ಅವ್ರು ಇನ್ನೇನು ಮಾಡ್ಬೇಕು ಸ್ವಾಮಿ.

ರಾಡಿನ ಇನ್ನೊಂದು ಗುಣ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾಡ್ ಲೀಕ್ ಆಗ್ತಿದ್ರೂ ಕರೆಂಟಿಗೆ ಹೊರಗೆ ಹೋಗೋಕೆ ದಾರಿ ಇರಲ್ಲ, ಬಕೆಟ್ಟಲ್ಲೇ ಹೊಂಚು ಹಾಕ್ತಾ ಇರುತ್ತೆ, ಕೈ ಅದ್ದಿದವರೇ ದಾರಿ. ನಮ್ಮವ್ವ ಆಲೂರು ಕಡೆ ಊರಲ್ಲಿದ್ದಾಗ ನೀರು ಕಾದಿದ್ಯಾ ಅಂತ ನೋಡೋದಕ್ಕೆ ಬೆರಳು ಅದ್ದೋದೇ ಅಭ್ಯಾಸ, ಹಂಡೆ ಕಾಲದಿಂದ ಬಂದ ಕೈ ಅದು, ಅವಳಿಗೆ ನಾವು ರಾಡ್ ತಂದ್ಕೊಟ್ವಿ, ಬಕೆಟ್ಟು ಸ್ಟೀಲಿಂದೇ ಮುಂದುವರೀತು. ಒಂದಿನ ಹಟ್ಟಿಗೆ ಕೇಳೋ ಹಾಗೆ ಕಿರುಚಿದ್ಲು, ಕೈ ಎತ್ತಿಕೊಂಡಿದ್ದಕ್ಕೆ ಉಳಿದ್ಲು. ಆಮೇಲೆ ಅವ್ವ ರಾಡ್ ಮುಟ್ಟಲಿಲ್ಲ, ಸಾಯೋವರೆಗೂ ಸೌದೆ ಒಲೇಲೇ ನೀರು ಕಾಯಿಸ್ಕೊಂಡ್ಲು. ನಾವೆಲ್ಲಾ ಅವ್ವಂಗೆ ಹೊಸದು ಒಗ್ಗಲ್ಲ ಅಂತ ನಗಾಡಿದ್ವಿ. ಪ್ಲಗ್ ಕಿತ್ತು, ರಾಡ್ ಎತ್ತಿ ಆಚೆ ಇಟ್ಟು, ಆಮೇಲೆ ನೀರು ಮುಟ್ಟಬೇಕು ಅಂತ ಕೂರಿಸಿ ಹೇಳ್ಕೊಟ್ಟವರು ಯಾರು, ಮನೇಲಿ ವಿಜ್ಞಾನದ ಮೇಷ್ಟ್ರು ಬೇರೆ ಇದ್ದ.

ಗೃಹಜ್ಯೋತಿ ಬಂದ್ಮೇಲೆ, 2023ರಿಂದ, ನಾನು ನೋಡಿರೋ ಹಾಗೆ ನಮ್ಮ ಊರ ಕಡೆ ಎಷ್ಟೋ ಮನೇಲಿ ಹಂಡೆ ಒಲೆ ಹೋಗಿ ಗೀಸರ್ ಬಂತು. ತಪ್ಪೇನಿಲ್ಲ, ಹೊಗೆ ತಪ್ಪಿತು, 2 ಕಿಲೋವ್ಯಾಟಿಂದು ಅರ್ಧ ಗಂಟೆ ಉರಿದ್ರೆ ಒಂದೇ ಯೂನಿಟ್. ಆದ್ರೆ ಬಲ್ಬಿಗೂ ಟಿವಿಗೂ ಅಂತ ಎಳೆದಿದ್ದ ಸಣ್ಣ ವೈರಿಗೇ ಗೀಸರ್ ಕೊಟ್ಟಿರ್ತಾರೆ, ಅದಕ್ಕೆ 4 ಸ್ಕ್ವೇರ್ ಎಂಎಂ ವೈರು ಬೋರ್ಡಿಂದ ಬೇರೆಯಾಗೇ ಬರ್ಬೇಕು. ಆನ್‌ಲೈನಲ್ಲಿ ಬರೋ ನಲ್ಲಿ ರೂಪದ ಹೀಟರ್ ಇನ್ನೊಂದು, ಸೀದಾ ವಾಷ್‌ಬೇಸಿನ್ನಿಗೆ ಸಿಕ್ಕಿಸೋದು, ಬಾಕ್ಸ್ ಮೇಲೆ 3000 ವ್ಯಾಟ್ ಅಂತ ಬರೆದಿದೆ, ಅಂದ್ರೆ 13 ಆಂಪಿಯರ್, ನನ್ನ ಭಾಮೈದ ತಂದಿದ್ರಲ್ಲಿ ಐಎಸ್‌ಐ ಮಾರ್ಕ್ ಎಲ್ಲಿ ಹುಡುಕಿದ್ರೂ ಸಿಗಲಿಲ್ಲ. ಟ್ಯಾಂಕ್ ಗೀಸರಿಗೆ ಐಎಸ್ 2082, ರಾಡಿಗೆ ಐಎಸ್ 368 ಅಂತ ನಂಬರ್ ಇರುತ್ತೆ, ಕೊಳ್ಳೋವಾಗ ಕನ್ನಡಕ ಹಾಕ್ಕೊಂಡು ನೋಡಿ. ಗ್ಯಾಸ್ ಗೀಸರಿಗೆ ಶಾಕಿನ ಭಯ ಇಲ್ಲ ಅಂತ ಅದಕ್ಕೆ ಹೋಗೋರಿದಾರೆ, ಗಾಳಿ ಆಡದ ಬಚ್ಚಲಲ್ಲಿ ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಅದಿನ್ನೊಂದು ಕಾಗದದ ವಿಷಯ.

ಕಾನೂನು ಇಲ್ವಾ ಅಂದ್ರೆ ಇದೆ. ತೀರಾ ಸಣ್ಣ ಲೋಡಿಂದು ಬಿಟ್ಟು ಉಳಿದ ಮನೆ ಕನೆಕ್ಷನ್ನಿಗೆ 30 ಮಿಲಿಆಂಪಿಯರ್ ಮೀರದ ಸೋರಿಕೆಗೇ ಕಟ್ ಆಗೋ ಸಾಧನ ಇರ್ಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದೆ. ಹೊಸ ಮನೆಗೆ ಮೀಟರ್ ಕೊಡೋವಾಗ ಲೈಸೆನ್ಸ್ ಕಂಟ್ರಾಕ್ಟರ್ ಸಹಿ ಮಾಡಿದ ರಿಪೋರ್ಟ್ ಕೊಡ್ಬೇಕು. ಆದ್ರೆ ನಮ್ಮಂಥ 1998ರ ಮನೇನ ಆಮೇಲೆ ಯಾರು ಬಂದು ನೋಡಿದಾರೆ? ಮೀಟರ್ ರೀಡಿಂಗಿಗೆ ಪ್ರತಿ ತಿಂಗಳು ಬರ್ತಾರೆ, ಅರ್ತಿಂಗ್ ಇದ್ಯಾ ಅಂತ 27 ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಅವರನ್ನ ದೂರೋಕೆ ನನಗೇನೂ ಹಕ್ಕಿಲ್ಲ, ಓನರ್ ನಾನು, ನಾನೇ ಕೇಳ್ಕೊಂಡಿಲ್ಲ. ಬಾಡಿಗೆ ಅಗ್ರಿಮೆಂಟಲ್ಲಿ ಮೊಳೆ ಹೊಡೀಬಾರದು, ನಾಯಿ ಸಾಕಬಾರದು, ಮಾಂಸ ಬೇಯಿಸಬಾರದು ಅಂತೆಲ್ಲಾ ಬರೆಸ್ತೀವಿ, ಆರ್‌ಸಿಸಿಬಿ ಇದೆ ಅಂತ ಓನರ್ ಕಡೆಯಿಂದ ಒಂದು ಸಾಲು ಬರೆಸಿದವರನ್ನ ನಾನು ನೋಡಿಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಬಾಡಿಗೆಗೆ ಬರೋರಾದ್ರೂ ಮೆಯಿನ್ ಬೋರ್ಡ್ ತೆಗೆಸಿ ನೋಡ್ಲಿ, ಟಿ ಅಂತ ಬರೆದ ಸಣ್ಣ ಬಟನ್ ಇರೋ ಬ್ರೇಕರ್ ಇದ್ಯಾ, ಅದನ್ನ ಒತ್ತಿದ್ರೆ ಬೀಳುತ್ತಾ ಅಂತ. ನೀರಿನ ವ್ಯವಸ್ಥೆ, ಪಾರ್ಕಿಂಗ್ ಎಲ್ಲಾ ಕೇಳ್ತಾರೆ, ಇದನ್ನೂ ಒಂದು ಕೇಳ್ಲಿ.

ಇನ್ನೊಂದು, ಯಾರಿಗಾದ್ರೂ ಹೊಡೆದಾಗ ಮಾಡಬೇಕಾಗಿರೋದು. ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕಿರುತ್ತೆ, ಗಾಬರೀಲಿ ಎಲ್ಲರೂ ಬಾಗಿಲು ಒಡೆಯೋಕೆ ಓಡ್ತಾರೆ, ಒಳಗೆ ನುಗ್ಗಿ ಹಿಡ್ಕೊಂಡವರೂ ಹೋಗ್ತಾರೆ. ಮೊದಲು ಮೆಯಿನ್ ಇಳಿಸ್ಬೇಕು, ಆಮೇಲೆ ಬಾಗಿಲು, ಉಸಿರಿಲ್ಲ ಅಂದ್ರೆ ಎದೆ ಮಧ್ಯ ಒತ್ತೋಕೆ ಶುರು ಮಾಡಿ ಇನ್ನೊಬ್ಬರು 108ಕ್ಕೆ ಫೋನ್ ಮಾಡ್ಬೇಕು. ಮೆಯಿನ್ ಎಲ್ಲಿದೆ ಅಂತ ನಮ್ಮ ಮೇಲಿನ ಮನೆಯವರಿಗೆ ಗೊತ್ತಿರಲಿಲ್ಲ, ನಮ್ಮ ರೂಮೊಳಗಿತ್ತು, ಬೀಗ ಹಾಕ್ಕೊಂಡು ನಾವು ಊರಿಗೆ ಹೋಗ್ತಿದ್ವಿ. ಈಗ ಅವರ ಬಾಗಿಲ ಪಕ್ಕಕ್ಕೆ ಹಾಕಿಸಿದೀನಿ.

ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟು. ಮುಂದಿನ ಸಲ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರು ಎರಡು ಪ್ರಶ್ನೆ ಜಾಸ್ತಿ ಕೇಳ್ಲಿ, ಆ ಮನೇಲಿ ಅರ್ತಿಂಗ್ ಇತ್ತಾ, ಆರ್‌ಸಿಸಿಬಿ ಇತ್ತಾ, ಇದ್ರೆ ಯಾಕೆ ಬೀಳಲಿಲ್ಲ. ವಿದ್ಯುತ್ ಅವಘಡ ಆದ್ರೆ ತಿಳಿಸಬೇಕು, ವಿಚಾರಣೆ ಮಾಡಿಸಬಹುದು ಅಂತ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಲ್ಲಿದೆ, ಆ ವಿಚಾರಣೇಲಿ ಏನು ಕಂಡುಬಂತು ಅಂತ ಎರಡು ತಿಂಗಳಾದ್ಮೇಲಾದ್ರೂ ಅದೇ ಪುಟದಲ್ಲಿ ಹಾಕಿ. ಸತ್ತವರು ಗೀಸರ್ ಆಫ್ ಮಾಡಿರಲಿಲ್ಲ ಅಂತ ಬರೆಯೋದು ಸುಲಭ, ಅವರು ಎದ್ದು ಬಂದು ಮಾಡಿದ್ದೆ ಅಂತ ಹೇಳಲ್ಲ.

ನಮ್ಮ ಮೇಲಿನ ಮನೆ ಹುಡುಗಿ ಪ್ರತಿ ತಿಂಗಳು ಬಾಡಿಗೆ ಹಾಕಿದ ದಿನ ತಾನೇ ಟಿ ಬಟನ್ ಒತ್ತಿ ನೋಡಿ, ಬಿತ್ತು ಅಂಕಲ್ ಅಂತ ಮೆಸೇಜ್ ಹಾಕ್ತಾಳೆ. ಈ ವರ್ಷ ಬಾಡಿಗೆ ಏರಿಸಿಲ್ಲ, ಏರಿಸೋ ಮುಖನೂ ನನಗಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮೇಷ್ಟ್ರು, ವಿದ್ಯಾನಗರ, ಹಾಸನ